ಮಗುಚಿಟ್ಟ ಅರಗಿನ ತಟ್ಟೆ

ಚನ್ನಪಟ್ಟಣ
ವಿಜಯದಶಮಿ

ವರಲಕ್ಷ್ಮಕ್ಕನವರಿಗೆ, ನೀವು ತೀರಿಹೋದ ಮೇಲೆ ನಿಮ್ಮ ಮನೆಗೆ ಎರಡನೆಯವಳಾಗಿ ಬಂದ ಮಾಯಮ್ಮ ಮಾಡುವ ನಮಸ್ಕಾರಗಳು.

ನಾನು ನಿಮ್ಮನ್ನು ನೋಡಿದ್ದು ಗೋಡೆಯ ಪಟದಲ್ಲಿ ಮಾತ್ರ. ಆದರೂ ಇಲ್ಲಿಗೆ ಕಾಲಿಟ್ಟಾಗಿನಿಂದ ನಿಮ್ಮ ಹೆಸರು ಕೇಳದೆ ಒಂದು ಹೊತ್ತಿನ ಊಟವೂ ಆಗಿಲ್ಲ. ವರಲಕ್ಷ್ಮಿಯ ಸಾರು ಹಾಗಿತ್ತು, ವರಲಕ್ಷ್ಮಿಯ ಕೈ ತಪ್ಪಿದ್ದೇ ಇಲ್ಲ. ಹೇಳುವವರು ಒಳ್ಳೆಯವರೇ. ಕೇಳುವ ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಇದನ್ನು ನಿಮ್ಮ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಲಿ? ನಿಮ್ಮ ಮಗಳು ಚಂದ್ರಿಯಂತೂ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅನ್ನ ಬೇಕಾದರೆ ತಟ್ಟೆ ಮುಂದೆ ಸರಿಸುತ್ತಿದ್ದಳು, ಅಷ್ಟೇ.

ನವರಾತ್ರಿ ಬಂತು. ಗೊಂಬೆ ಕೂರಿಸಿದ ಮೇಲೆ ಕೇರಿಯ ಮಕ್ಕಳನ್ನು ಕರೆದು ಬೊಂಬೆ ಬಾಗಿನವೆಂದು ತಿಂಡಿ ಹಂಚಬೇಕಲ್ಲ. ನೀವು ಆ ತಿಂಡಿಯನ್ನೇ ವರ್ಷಕ್ಕೊಂದು ಬಗೆಯಲ್ಲಿ ಜೋಡಿಸುತ್ತಿದ್ದಿರಂತೆ, ಒಮ್ಮೆ ಮದುವೆ ದಿಬ್ಬಣ, ಒಮ್ಮೆ ಸಂತೆ. ನೀವು ಹೋದ ಮೇಲೆ ಅದು ನಿಂತೇ ಹೋಗಿತ್ತು. ಈ ಸಲ ನಾನು ಮಾಡುತ್ತೇನೆ ಎಂದೆ. ಚಂದ್ರಿ ಗೋಡೆಯ ಕಡೆ ನೋಡಿಕೊಂಡು, "ಮಾಡೋದಾದ್ರೆ ರೈಲು ಮಾಡ್ಬೇಕು. ಅಮ್ಮ ರೈಲು ಮಾಡ್ತೀನಿ ಅಂದಿತ್ತು" ಎಂದಳು. ಅವಳು ಬಾಯಿಬಿಟ್ಟು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಕೊಬ್ಬರಿ ಮಿಠಾಯಿಯ ಬೋಗಿ, ಕೋಡುಬಳೆಯ ಗಾಲಿ, ಎಂಜಿನ್ನಿನ ಹೊಗೆಗೆ ಓಮಪುಡಿ. ಇವರು ಲೇತಿನಲ್ಲಿ ಕಡೆದು, ಎರಡು ಮಗ್ಗುಲಿಗೂ ಅರಗಿನ ಬಣ್ಣ ಕೊಟ್ಟು ನಿಮಗೆಂದು ಮಾಡಿದ ಆ ದೊಡ್ಡ ಚಪ್ಪಟೆ ತಟ್ಟೆಯನ್ನೇ ಅಟ್ಟದಿಂದ ಇಳಿಸಿಕೊಂಡೆ. ಹಳದಿ ಮಗ್ಗುಲು ಮೇಲಿತ್ತು. ಅಡಿಯ ಕೆಂಪು ಮಗ್ಗುಲಿಗೆ ಯಾರೋ ಕಾಗದ ಅಂಟಿಸಿದ್ದರು. ನಾನು ಕೋಡಿಹಳ್ಳಿ ಕಡೆ ರಾಗಿ ಹೊಲದಲ್ಲಿ ಬೆಳೆದವಳು, ಅರಗಿನ ಗುಣ ನನಗೇನು ಗೊತ್ತು? ಮಕ್ಕಳು ಬರುವ ಹೊತ್ತಾಯಿತೆಂಬ ಆತುರದಲ್ಲಿ ಬಾಣಲೆಯಿಂದ ತೆಗೆದ ಕೋಡುಬಳೆಗಳನ್ನು ನೇರವಾಗಿ ತಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಆಮೇಲೆ ಸರಿಸಲು ಹೋದರೆ ಬರಲಿಲ್ಲ. ಬಿಸಿಗೆ ಅರಗು ಮೆತ್ತಗಾಗಿ ಹಿಡಿದುಕೊಂಡಿತ್ತು. ಕಿತ್ತರೆ ಹಳದಿಯೆಲ್ಲ ಕೋಡುಬಳೆಯ ಜೊತೆ ಎದ್ದು ಬಂತು.

ತಲೆಯೆತ್ತಿದರೆ ಚಂದ್ರಿ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಅಮ್ಮನ ತಟ್ಟೆ. ಇನ್ನು ಈ ಜನ್ಮದಲ್ಲಿ ಈ ಮಗು ನನ್ನ ಕಡೆ ತಿರುಗುವುದಿಲ್ಲ ಎಂದುಕೊಂಡು ಸೆರಗು ಬಾಯಿಗೊತ್ತಿ ಅತ್ತೇಬಿಟ್ಟೆ.

ಅವಳು ಪಕ್ಕದಲ್ಲಿ ಬಂದು ಕೂತಳು. ತಟ್ಟೆ ಮಗುಚಿ, ಅಡಿಯ ಕಾಗದವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಕೆಂಪು ಬಣ್ಣದ ನಡುವೆ, ಉಂಗುರ ಉಂಗುರವಾಗಿ, ಕೋಡುಬಳೆಯ ಗುರುತುಗಳು.

"ಅಮ್ಮನೂ ಹಿಂಗೇ ಮಾಡಿತ್ತು. ಅಪ್ಪಂಗೆ ಹೇಳ್ಬ್ಯಾಡ ಅಂತ ಮಗುಚಿ ಇಟ್ಬುಟ್ಟಿತ್ತು" ಎಂದಳು.

ಅಕ್ಕಾ, ಅರಗಿನ ಕೆಲಸದವರ ಮನೆಯಲ್ಲೇ ಹುಟ್ಟಿ ಬೆಳೆದ ನೀವೂ ಹೀಗೆ ಮಾಡಿದಿರಾ? ಅಳುವಿನ ನಡುವೆಯೇ ನನಗೆ ನಗು ಬಂತು. ನನ್ನನ್ನು ನೋಡಿ ಚಂದ್ರಿಯೂ ನಕ್ಕಳು. ಎದೆಯ ಮೇಲಿಂದ ಒರಳುಕಲ್ಲು ಇಳಿಸಿದ ಹಾಗಾಯಿತು. ಇಷ್ಟು ದಿನ ನಾನು ಹೆದರಿದ್ದು ಕೈ ತಪ್ಪದ ಯಾವುದೋ ವರಲಕ್ಷ್ಮಿಗೆ. ಅಂಥವಳು ಈ ಮನೆಯಲ್ಲಿ ಇರಲೇ ಇಲ್ಲ.

ಇಬ್ಬರೂ ಸೇರಿ ಬಾಳೆಲೆ ಹಾಸಿ ಗುರುತು ಮುಚ್ಚಿದೆವು, ಬೇರೆ ಕೋಡುಬಳೆ ಕರಿದು ಆರಿಸಿ ಗಾಲಿ ಕಟ್ಟಿದೆವು. ಮಕ್ಕಳು ಬಂದರು. ಪಕ್ಕದ ಮನೆಯ ತಾಹೇರಾ ಮೊದಲು ಎಂಜಿನ್ನಿಗೇ ಕೈ ಹಾಕಿದಳು. ಸಂಜೆ ಇವರು ಕೆಲಸ ಮುಗಿಸಿ ಬಂದು, "ಇಷ್ಟು ಚೆಂದದ ತಟ್ಟೆಗೆ ಎಲೆ ಯಾಕ್ ಹಾಸಿದ್ರಿ?" ಎಂದಾಗ ಚಂದ್ರಿ ನನ್ನ ಮೊಣಕೈ ತಿವಿದು ಕಿವಿಯಲ್ಲಿ ಹೇಳಿದಳು: "ಹೇಳ್ಬ್ಯಾಡ ಕಣವ್ವ."

ಅಕ್ಕಾ, ಅಮ್ಮ ಎನ್ನುವ ಹೆಸರು ನಿನ್ನದೇ, ಅದು ನಿನ್ನ ಹತ್ತಿರವೇ ಇರಲಿ. ಅವ್ವ ನನ್ನ ಪಾಲಿಗೆ ಬಂತು, ನನಗಷ್ಟು ಸಾಕು. ಏಕವಚನಕ್ಕೆ ಬೇಸರ ಮಾಡಿಕೊಳ್ಳಬೇಡ ಅಕ್ಕ. ಒಂದೇ ತಟ್ಟೆಯನ್ನು ಎರಡು ಕಡೆಯಿಂದ ಕೆಡಿಸಿದವರ ನಡುವೆ ಎಂಥ ಬಹುವಚನ?

ನಮ್ಮ ಮಗಳನ್ನು ಅಲ್ಲಿಂದಲೇ ಹರಸು.

ನಿನ್ನ ಗುಟ್ಟನ್ನೂ ಕಾಯುವ ತಂಗಿ,
ಮಾಯಮ್ಮ