ಮಿಡತೆ ಒಬ್ಬಳೇ ಬರೆಯಬೇಕು

ಫೆಬ್ರವರಿ 9, ಬೆಳಿಗ್ಗೆ

ಹಗ್ಗ ಹೊಸೆಯುವುದು ಮುಗಿಯುತ್ತ ಬಂತು. ನಾರು ಹೊಸೆದು ಹೊಸೆದು ತೊಡೆ ಕೆಂಪಾಗಿದೆ. ಈ ಸಲ ಜೇನುಬಂಡೆಗೆ ಇಳಿಯುವವನು ನಾನೇ. ನನ್ನ ಹಗ್ಗ ಕಿತ್ತುಹೋದದ್ದುಂಟೇ? ಆನೆ ಕಟ್ಟಿದರೂ ನಿಲ್ಲುತ್ತದೆ. ಕಟ್ಟಿ ನೋಡಿಲ್ಲ, ಆನೆ ಒಪ್ಪಲಿಲ್ಲ.

ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಹಾಗಿಲ್ಲ. ನಮ್ಮವರಲ್ಲಿ ಯಾರಾದರೂ ಜಂಬ ಕೊಚ್ಚಿಕೊಂಡರೆ ಸುತ್ತ ಕೂತವರೆಲ್ಲ ಸೇರಿ ನೀರಿಳಿಸುತ್ತಾರೆ. ಅದಕ್ಕೇ ಇಲ್ಲಿ ಬರೆಯುವುದು. ಕಾಡಂಚಿನ ಈ ಸಾಲುಮನೆಗಳಲ್ಲಿ ಓದಬಲ್ಲ ಗಂಡಸು ನಾನೊಬ್ಬನೇ — ಹಳ್ಳಿ ಸ್ಕೂಲು, ಏಳನೇ ಕ್ಲಾಸು, ಫಸ್ಟ್ ಬೆಂಚು. ಅಕ್ಕನ ಮಗಳು ಮಿಡತೆಗೂ ಓದು ಬರುತ್ತದೆ. ಆದರೆ ಅವಳು ಹಾಸ್ಟೆಲ್‌ನಲ್ಲಿ. ಹಾಗಾಗಿ ಭಯವಿಲ್ಲ.

ಅದೇ ದಿನ, ಮಧ್ಯಾಹ್ನ

ಮಿಡತೆ ಬಂದು ಬಾಗಿಲಲ್ಲಿ ನಿಂತಿದ್ದಾಳೆ! ವಾರದ ನಡುವೆ. ತಲೆ ಮೇಲೆ ಟ್ರಂಕು.

"ಏನೇ, ಸ್ಕೂಲು ಸುಟ್ಟುಹೋಯ್ತಾ?"

"ಇಲ್ಲ ಮಾವ. ನನ್ನನ್ನ ಮನೆಗೆ ಕಳಿಸಿದ್ರು. ಟೆಸ್ಟ್‌ನಲ್ಲಿ ಕಂಬಳಿಗೆ ಲೆಕ್ಕ ಬರ್ತಿರಲಿಲ್ಲ. ನನ್ನ ಪೇಪರ್ ಕೊಟ್ಟೆ. ಹಿಂದಿನ ಬೆಂಚಿನವರೂ ಕೇಳಿದ್ರು, ಅವರಿಗೂ ಕೊಟ್ಟೆ."

ಕಂಬಳಿ ಎಂದರೆ ಪಕ್ಕದ ಮನೆಯವಳು, ಇವಳ ಓರಗೆ. ಸುಡು ಬಿಸಿಲಲ್ಲೂ ಮುಸುಕು ಹೊದ್ದು ಮಲಗುವುದರಿಂದ ಆ ಹೆಸರು.

"ದೊಡ್ಡ ಟೀಚರ್ ಅದನ್ನ ಕಾಪಿ ಅಂದ್ರು. ಇಸ್ಕೊಂಡವರಿಗಿಂತ ಕೊಟ್ಟವಳದ್ದೇ ದೊಡ್ಡ ತಪ್ಪಂತೆ. ಕೇಳಿದಾಗ ಕೊಡದೆ ಇರೋದು ಹೇಗೆ ಮಾವ?"

ನಮ್ಮಲ್ಲಿ ಗೆಡ್ಡೆ ಸಿಕ್ಕರೆ ಪಾಲು, ಜೇನು ಸಿಕ್ಕರೆ ಪಾಲು, ಹೊಗೆಸೊಪ್ಪಿನ ಚೂರೂ ಪಾಲು. ಕೇಳಿದ್ದನ್ನು ಬಚ್ಚಿಟ್ಟವನ ಜೊತೆ ನಮ್ಮವರು ಯಾರೂ ಕಾಡಿಗೆ ಹೋಗುವುದಿಲ್ಲ. ಕೊಡುವುದು ತಪ್ಪು ಎಂದು ಈ ಮಗುವಿಗೆ ಹೇಗೆ ಗೊತ್ತಾಗಬೇಕು?

ಅಕ್ಕನಿಗೆ ಖುಷಿಯೋ ಖುಷಿ. "ಒಳ್ಳೇದೇ ಆಯ್ತು ಬಿಡು. ಕೋಲು ಹಿಡಿದು ಗೆಡ್ಡೆ ಅಗೀಲಿ. ಅಲ್ಲಿ ಕೂತೂ ಕೂತೂ ಕಾಲೇ ಮರೆತಿದ್ದಾಳೆ. ಕಾಡಲ್ಲಿ ಇವಳು ನಡೆದ್ರೆ ಮದುವೆ ದಿಬ್ಬಣ ಬಂದ ಹಾಗಿರತ್ತೆ."

"ನಾನು ವಾಪಸ್ ಹೋಗ್ಬೇಕಮ್ಮಾ. ಭಾಗಾಕಾರ ಅರ್ಧಕ್ಕೆ ನಿಂತಿದೆ," ಎಂದಳು ಮಿಡತೆ. ಅಳಲಿಲ್ಲ. ಟ್ರಂಕನ್ನೂ ಬಿಚ್ಚಲಿಲ್ಲ.

ಬಿಚ್ಚುವುದು ಬೇಡ. ನಾನಿದ್ದೇನೆ.

ಫೆಬ್ರವರಿ 10

ಸ್ಕೂಲಿಗೆ ಹೋಗಿದ್ದೆ. ಹೋಗುವಾಗ ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದೆ.

ದೊಡ್ಡ ಟೀಚರ್ ರೂಮಿನಲ್ಲಿ ಕಬ್ಬಿಣದ ಬೀರು, ನೆಗ್ಗಿದ ಗ್ಲೋಬು, ಕುಂಟುವ ಸ್ಟೂಲು. ಸ್ಟೂಲು ನನ್ನ ಪಾಲಿಗೆ. ನನ್ನ ಫಸ್ಟ್ ಬೆಂಚಿನ ಕಥೆ ಶುರುಮಾಡಿದೆ. ಕೈ ಎತ್ತಿ ತಡೆದರು. ಕೆಟ್ಟವರಲ್ಲ. ಕಣ್ಣು ಮಾತ್ರ ದಣಿದಿತ್ತು.

"ಹುಡುಗಿ ಜಾಣೆ. ಅದಕ್ಕೇ ಹೊಟ್ಟೆ ಉರಿಯೋದು. ಹೇಳಿದೆ, ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಮುಂದಿನ ಟೆಸ್ಟ್‌ಗೆ ಮತ್ತೆ ಅದೇ. ನೀವು ಮನೇಲಿ ಇದನ್ನೇ ಕಲಿಸ್ತೀರಾ?"

"ನಮ್ಮಲ್ಲಿ ಯಾರೂ ಏನೂ ಕಲಿಸಲ್ಲ ಟೀಚರ್. ಮಕ್ಕಳೇ ನೋಡ್ಕೊಂಡು ಕಲೀತಾವೆ."

"ಹಾಗಾದ್ರೆ ಇದೊಂದನ್ನ ಕಲಿಸಿ. ಮಾರ್ಚ್‌ನಲ್ಲಿ ವರ್ಷದ ಪರೀಕ್ಷೆ. ಒಬ್ಬಳೇ ಬರೆದ್ರೆ ಇರ್ತಾಳೆ. ಇನ್ನೊಂದು ಸಲ ಪೇಪರ್ ಕೈ ಬದಲಾದ್ರೆ ಅವಳ ಹೆಸರು ತೆಗೀಬೇಕಾಗತ್ತೆ. ಆಮೇಲೆ ನನ್ನ ಹತ್ರ ಬರಬೇಡಿ."

"ಅಷ್ಟೇನಾ? ನನಗೆ ಬಿಟ್ಟುಬಿಡಿ," ಎಂದು ಎದೆ ತಟ್ಟಿ ಬಂದೆ.

ಗರಗಸದ ಮಿಲ್ಲಿನ ತಿರುವು ದಾಟಿದ ಮೇಲೆ ಹೊಳೆಯಿತು. ಕಲಿಸುವುದು ಹೇಗೆ ಎಂದು ನನಗೆ ಗೊತ್ತೇ ಇಲ್ಲ.

ಫೆಬ್ರವರಿ 12

ಮೊದಲನೇ ಪಾಠ. ಸುಟ್ಟ ಗೆಡ್ಡೆಯೊಂದನ್ನು ಕೈಗೆ ಕೊಟ್ಟು, "ಒಬ್ಬಳೇ ತಿನ್ನು. ಯಾರು ಕೇಳಿದ್ರೂ ಕೊಡಬೇಡ," ಎಂದೆ. ನಾನು ಚೊಂಬು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೆಡ್ಡೆ ಖಾಲಿ. ಅವಳ ಬಾಯಿಯೊಂದನ್ನು ಬಿಟ್ಟು ಸಾಲುಮನೆಯ ಎಲ್ಲ ಮಕ್ಕಳ ಬಾಯಿಯೂ ಆಡುತ್ತಿತ್ತು. ನನಗೂ ಒಂದು ಚೂರು ಇಟ್ಟಿದ್ದಳು.

ಸರಿ, ನಾನೇ ಮಾಡಿ ತೋರಿಸುತ್ತೇನೆ ಎಂದು ಜಗಲಿ ಮೇಲೆ ಕೂತು ಇನ್ನೊಂದು ಗೆಡ್ಡೆಯನ್ನು ಒಬ್ಬನೇ ತಿನ್ನತೊಡಗಿದೆ. ಮಕ್ಕಳು ಸುತ್ತ ನಿಂತವು. ಕೇಳಲೂ ಇಲ್ಲ, ಸುಮ್ಮನೆ ನೋಡಿದವು. ಮೊದಲ ತುತ್ತನ್ನೇ ಅಗಿಯುತ್ತ ಕೂತೆ.

"ಹೊಟ್ಟೆ ಸರಿ ಇಲ್ವಾ ಮಗಾ?" ಎಂದಳು ನನ್ನಮ್ಮ.

"ಏಳನೇ ಕ್ಲಾಸ್ ಓದಿದ್ರೆ ಹೀಗಾಗತ್ತೆ, ನೋಡ್ಕೊಳ್ಳಿ," ಎಂದಳು ಅಕ್ಕ, ಕೊನೇ ಮನೆಗೂ ಕೇಳುವ ಹಾಗೆ.

ಸಂಜೆ ಹೊಗೆಸೊಪ್ಪು ಕೇಳಿದರೆ ಎಲ್ಲರೂ ಆಕಾಶ ನೋಡಿದರು. ನೋಡಲಿ. ಬಿಡುವ ಮಗನಲ್ಲ ನಾನು.

ಫೆಬ್ರವರಿ 13

ಎರಡನೇ ಪಾಠ, ಪರೀಕ್ಷೆಯ ನಾಟಕ. ನಾನು ಕಂಬಳಿ, ಅವಳು ಅವಳೇ. ಪಕ್ಕದಲ್ಲಿ ಕೂತು, "ಒಂದೇ ಒಂದು ಉತ್ತರ ತೋರ್ಸೇ, ನಿನ್ನ ದಮ್ಮಯ್ಯ," ಎಂದೆ. ತಡೆದುಕೊಂಡಳು. ತುಟಿ ನಡುಗಿಸಿದೆ. ತಡೆದುಕೊಂಡಳು. ಮೂಗು ಸೊರಗುಟ್ಟಿಸಿ ಅತ್ತೆ... ಪೇಪರ್ ಪೂರ್ತಿ ನನ್ನ ಮಡಿಲಿಗೆ.

"ನೀನು ಅಷ್ಟು ಚೆನ್ನಾಗಿ ಅತ್ರೆ ನಾನೇನ್ ಮಾಡ್ಲಿ ಮಾವ?"

ನಟನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದೇ ಮುಳುವಾಯಿತು.

ಫೆಬ್ರವರಿ 21

ಇಷ್ಟು ದಿನ ಬರೆಯಲಿಲ್ಲ. ಕೊಚ್ಚಿಕೊಳ್ಳಲು ಏನೂ ಇರಲಿಲ್ಲ. ಇವತ್ತು ಇದೆ.

ಎಲ್ಲರೂ ಗೆಡ್ಡೆಗೆ ಹೋಗಿದ್ದೆವು. ಅಕ್ಕನ ಕಿರಿ ಮಗಳು ಮೊಣಕೈವರೆಗೆ ಮಣ್ಣು ಮಾಡಿಕೊಂಡು ಬಳ್ಳಿಯ ಬುಡ ಅಗೆಯುತ್ತಿದ್ದಳು. ಅವಳಿಗಿಂತ ಕೋಲೇ ಉದ್ದ. ಬಳ್ಳಿ ತುಂಡಾಯಿತು. ಗುಂಡಿಗೆ ಮಣ್ಣು ಕುಸಿಯಿತು. ಅಳು ಶುರು. ಮಿಡತೆ ಸರಕ್ಕನೆ ಗುಂಡಿಗೆ ಕೈ ಹಾಕಿದಳು. ನನ್ನಮ್ಮ ಅವಳ ಮಣಿಕಟ್ಟು ಹಿಡಿದಳು. ಮಾತಿಲ್ಲ, ಸಿಟ್ಟಿಲ್ಲ. ಹಿಡಿದುಕೊಂಡೇ ಕೂತಳು.

ಚಿಕ್ಕವಳು ಒಂದಷ್ಟು ಹೊತ್ತು ಅತ್ತು, ಮೂಗೊರೆಸಿಕೊಂಡು, ಇನ್ನೊಂದು ಬದಿಯಿಂದ ಅಗೆಯತೊಡಗಿದಳು. ಗೆಡ್ಡೆ ಬಂತು. ಅರ್ಧ ಮಣ್ಣಲ್ಲೇ ಉಳಿಯಿತು, ಇನ್ನರ್ಧ ಕೈಗೆ ಬಂತು. ಅದನ್ನೇ ಮುರಿದು ಎಲ್ಲರಿಗೂ ಕೊಟ್ಟಳು, ಮಹಾರಾಣಿ ಗತ್ತಿನಲ್ಲಿ.

ಮನೆ ಹತ್ತಿರ ಬಂದಾಗ ಮಿಡತೆ ಕೇಳಿದಳು.

"ಅಜ್ಜಿ ನನ್ನ ಕೈ ಯಾಕೆ ಹಿಡಿದ್ರು?"

"ನೀನು ಅಗೆದುಕೊಟ್ರೆ ಅವಳ ಕೈ ಕಲಿಯೋದು ಯಾವಾಗ? ಸಿಕ್ಕಿದ ಮೇಲೆ ಪಾಲು. ಅಗೆಯೋದು ಮಾತ್ರ ಅವರವರೇ." ಯೋಚಿಸದೆ ಹೇಳಿದೆ. ಹೇಳಿ ನಾನೇ ನಿಂತುಬಿಟ್ಟೆ.

ಅವಳೂ ನಿಂತಳು. "ಮಾವ... ನಾನು ಕಂಬಳಿ ಗುಂಡಿಗೆ ಕೈ ಹಾಕ್ಬಿಟ್ನಾ?"

"ಹೂಂ ಮತ್ತೆ."

"ಪರೀಕ್ಷೆ ಮುಗಿದ ಮೇಲೆ ಹೇಳಿಕೊಡಬಹುದಾ?"

"ಆಮೇಲೆ ಸ್ಕೂಲನ್ನೇ ಪಾಲು ಮಾಡಿ ಹಂಚು, ಯಾರು ಬೇಡ ಅಂತಾರೆ?"

ಈ ಪಾಠ ನನ್ನದೇ. ಅಮ್ಮ ಬರೀ ಕೈ ಹಿಡಿದದ್ದು.

ಫೆಬ್ರವರಿ 23

ಅಕ್ಕ ಜಗಳಕ್ಕೆ ನಿಂತಳು. "ಪರೀಕ್ಷೆ ದಿನಾನೇ ನಾವು ಬಂಡೆಗೆ ಹೋಗೋದು. ಜೇನು ಇಳಿಸೋದನ್ನ ಅವಳು ನೋಡ್ಬೇಡ್ವಾ? ನೋಡದೆ ಯಾರು ಕಲಿತಿದ್ದಾರೆ?"

ಮಾತು ಸುಳ್ಳಲ್ಲ. ಜೇನು ನಮ್ಮ ರಜೆ ನೋಡಿಕೊಂಡು ಕಟ್ಟುವುದಿಲ್ಲ.

"ಈ ವರ್ಷ ಅವಳು ನೋಡಲ್ಲ. ಮುಂದಿನ ವರ್ಷ ಹೋಗಿ ಆ ಟೀಚರ್ ಹತ್ರ ಜೇನಿಗೆ ರಜೆ ಕೇಳೋನು ನಾನೇ. ಕೊಡೋ ತನಕ ಆ ಕುಂಟು ಸ್ಟೂಲು ಬಿಟ್ಟು ಏಳಲ್ಲ."

"ಬಂಡೆಗೆ ಇಳಿಯೋನು ನೀನು. ನೀನೇ ಸ್ಕೂಲಲ್ಲಿ ಕೂತ್ರೆ?"

"ಭಾವ ಇಳೀಲಿ. ಈ ವರ್ಷಾನೂ ಭಾವನೇ, ಪರೀಕ್ಷೆ ದಿನ ನಾನು ಸ್ಕೂಲ್ ಹತ್ರ ಇರ್ತೀನಿ." ನನ್ನ ಬಾಯಲ್ಲಿ ಈ ಮಾತು! ಅಕ್ಕ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ನಾಳೆ ಮಿಡತೆ ಹಾಸ್ಟೆಲ್‌ಗೆ. ಟ್ರಂಕು ನಾನೇ ಹೊರುತ್ತೇನೆ.

ಮಾರ್ಚ್ 14, ಬೆಳಿಗ್ಗೆ

ಎಲ್ಲರೂ ಬಂಡೆಗೆ ಹೊರಟರು. ನನ್ನ ಹಗ್ಗ ಭಾವನ ಹೆಗಲ ಮೇಲೆ. ನೋಡಲಾಗಲಿಲ್ಲ, ಬೇಗ ಬಂದುಬಿಟ್ಟೆ. ಸ್ಕೂಲಿನ ವರಾಂಡದಲ್ಲಿ ಕೂತಿದ್ದೇನೆ. ಕಿಟಕಿಯಿಂದ ಮಿಡತೆಯ ಬೆನ್ನು, ಪಕ್ಕದಲ್ಲಿ ಕಂಬಳಿಯ ಜಡೆ ಕಾಣುತ್ತವೆ. ಲೆಕ್ಕದ ಪರೀಕ್ಷೆ.

11 ಗಂಟೆ

ಕಂಬಳಿ ತಿರುಗಿದಳು. ತುಟಿ ನಡುಗುತ್ತಿದೆ. ಇವಳದು ನಟನೆಯಲ್ಲ. ಏನೋ ಪಿಸುಗುಟ್ಟಿದಳು. ಮಿಡತೆಯ ಎಡಗೈ ಪೇಪರಿನ ಅಂಚಿಗೆ ಹೋಯಿತು. ದೊಡ್ಡ ಟೀಚರ್ ನೋಡುತ್ತಿದ್ದಾರೆ.

ಕೈ ಹಿಂದಕ್ಕೆ ತೆಗೆದುಕೊಂಡಳು. ಅದರ ಮೇಲೇ ಕೂತಳು! ತೊಡೆ ಕೆಳಗೆ ಅದುಮಿಕೊಂಡು, ಬಲಗೈಯಲ್ಲಿ ಬರೆಯುತ್ತಿದ್ದಾಳೆ. ಬೆನ್ನು ಅದುರುತ್ತಿದೆ. ಅಳುತ್ತಿದ್ದಾಳೆ. ಬರೆಯುತ್ತಲೂ ಇದ್ದಾಳೆ.

ಕಂಬಳಿ ಅಳಿಸಿದಳು. ಬರೆದಳು. ಮತ್ತೆ ಅಳಿಸಿದಳು.

ಗಂಟೆ ಹೊಡೆದ ಮೇಲೆ

ದೊಡ್ಡ ಟೀಚರ್ ಪೇಪರ್ ಕಟ್ಟು ಎದೆಗವಚಿಕೊಂಡು ಬಂದರು. ನನ್ನ ಮುಂದೆ ನಿಂತರು.

"ಒಬ್ಬಳೇ ಬರೆದ್ಲು. ಇರ್ತಾಳೆ."

"ಅದನ್ನ ಕಲಿಸಿದ್ದು ಯಾರು ಅಂತ ಕೇಳಿದ್ರೆ..."

ಕೇಳಲಿಲ್ಲ. ಹೋದರು.

ಮಿಡತೆ ನನ್ನ ಕಡೆ ತಿರುಗಲಿಲ್ಲ. ನಲ್ಲಿಯ ಹತ್ತಿರ ಕಂಬಳಿ ಗೋಡೆಗೆ ಮುಖ ಹಾಕಿ ಕೂತಿದ್ದಾಳೆ. ಮಿಡತೆ ಹೋಗಿ ಪಕ್ಕದಲ್ಲಿ ಕೂತಳು. ಕಂಬಳಿ ಸರಿದು ಕೂತಳು. ಇವಳೂ ಸರಿದಳು. ಹೀಗೇ ಗೋಡೆ ಮುಗಿಯುವ ತನಕ. ಆಮೇಲೆ ಸರಿಯಲು ಜಾಗವಿರಲಿಲ್ಲ. ಹಿಂದಿನ ಬೆಂಚಿನವರೂ ಬಂದು ಸೇರಿದರು.

ಈಗ ಮಿಡತೆ ಓಡಿಬಂದು ಕೈ ಚಾಚಿ ನಿಂತಿದ್ದಾಳೆ.

"ಮಾವ, ಪೆನ್ಸಿಲ್ ಕೊಡು. ಕಂಬಳಿಗೆ ಶೇಷ ತೆಗೆಯೋಕೆ ಬರಲ್ಲ."

ಭಾಗಾಕಾರದಲ್ಲಿ ನಾನು ಕ್ಲಾಸಿಗೇ ಮೊದಲಿಗ, ನಾನೇ ಹೇಳಿಕೊಡುತ್ತೇನೆ ಎಂದೆ. ಬೇಡವಂತೆ. ಪೆನ್ಸಿಲ್ ಸಾಕಂತೆ. ಈ ಪುಸ್ತಕದ ಹಿಂದಿನ ಖಾಲಿ ಹಾಳೆಗಳೂ ಬೇಕಂತೆ. ಇರೇ, ಒಂದು ಸಾಲು ಬರೆದು ಕೊಡ್ತೀನಿ ಎಂದರೆ ಆಗಲೇ ಪೆನ್ಸಿಲ್ ತುದಿ ಹಿಡಿದು ಎಳೆಯುತ್ತಿದ್ದಾ—