ಬೀರುವಿನ ಮೇಲಿನ ರೂಟರ್

ಜಾವಳಿ
೬-೧-೨೦೦೯, ಮಂಗಳವಾರ

ಪ್ರೀತಿಯ ರೂಪಶ್ರೀಗೆ,

ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ನೆಗಡಿ ಹೇಗಿದೆ? ನಿನ್ನ ಅಮ್ಮನ ಮಂಡಿನೋವು ಇಳಿಯಿತೆ? ಸಂಸೆಗೆ ಏಳು ಸಲ ಫೋನ್ ಮಾಡಿದೆ, ಏಳು ಸಲವೂ ನೀನು ಸ್ನಾನಕ್ಕೆ ಹೋಗಿದ್ದೆಯಂತೆ. ಈ ಚಳಿಯಲ್ಲಿ ಅಷ್ಟೊಂದು ಸ್ನಾನ ಮಾಡಿದರೆ ನೆಗಡಿ ಬಿಡುವುದಾದರೂ ಹೇಗೆ? ಅದಕ್ಕೇ ಈ ಕಾಗದ. ನಿನ್ನ ಗಂಡ ಅರುಣ್ ಈ ಇಪ್ಪತ್ತು ದಿನದಲ್ಲಿ ನನ್ನ ಸಾರಿಗೆ ಒಂದು ಹೆಸರೂ ಇಟ್ಟಿಲ್ಲ. ಮೈದುನ ಇಷ್ಟು ಒಳ್ಳೆಯವನಾದರೆ ನನಗೆ ಭಯವಾಗುತ್ತದೆ.

ನೀನು ಮುನಿಸಿಕೊಂಡು ತವರಿಗೆ ಹೋದದ್ದು ಇಂಟರ್ನೆಟ್ಟಿನ ದೆಸೆಯಿಂದ. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತು ಕೇಳಿ ನೀನು ಟೈಪ್ ಮಾಡಿದ ಫೈಲು ಮೂರು ದಿನ ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋಗಲಿಲ್ಲ, ಕೆಲಸವೇ ಹೋಯಿತು. 'ಅಕ್ಕಾ, ನೀವು ಬೇಕಂತ್ಲೇ ವೈರ್ ಕೀಳ್ತಿದೀರಿ' ಎಂದೆ. ನಾನು ಬಿಟ್ಟೇನೆ? 'ಮನೇಲಿ ಕೂತು ಟೈಪ್ ಕುಟ್ಟೋದೂ ಒಂದ್ ಕೆಲ್ಸನಾ ಮಾರಾಯ್ತಿ' ಎಂದುಬಿಟ್ಟೆ. ಆಡಿದ ತಕ್ಷಣವೇ ತಪ್ಪಾಯಿತು ಅನ್ನಿಸಿತ್ತು. ಆದರೆ ಹದಿನೆಂಟು ವರ್ಷ ಹಿರಿಸೊಸೆಯಾಗಿ ಮೆರೆದವಳಿಗೆ ಆ ಮಾತು ಹೇಳಲು ಬಾಯಿ ಬರಬೇಕಲ್ಲ.

ವೈರ್ ನಾನು ಕಿತ್ತಿರಲಿಲ್ಲ, ಮಾಡಿದ್ದು ಅದಕ್ಕಿಂತ ಘನಕಾರ್ಯ. ಹಿಂದಿನ ಕೋಣೆಯ ನಿನ್ನ ಇಂಟರ್ನೆಟ್ ರೂಟರಿನ ಸಿಗ್ನಲ್ ನಮ್ಮ ಜಗುಲಿಯವರೆಗೆ ಮುಟ್ಟುತ್ತಿರಲಿಲ್ಲ. ಕಾಫಿ ರೇಟು ನೋಡಲು ನಮ್ಮ ಯಜಮಾನರು ಲ್ಯಾಪ್‌ಟಾಪ್ ಹಿಡಿದು ನಿನ್ನ ಬಾಗಿಲಲ್ಲಿ ನಿಲ್ಲುವುದು ನನಗೆ ಸರಿಬರಲಿಲ್ಲ. ಹಾಗೆಂದು ಕಿರಿಯವಳನ್ನು ಕೇಳುವುದೆ? ಮೂಡಿಗೆರೆಯಲ್ಲಿ ಇನ್ನೊಂದು ರೂಟರ್ ಕೊಂಡು, ನೀನು ಮನೆಯಲ್ಲಿ ಇಲ್ಲದಾಗ ಅಟ್ಟದ ಮೇಲಿಂದ ನಿನ್ನದಕ್ಕೆ ವೈರ್ ಸೇರಿಸಿ, ಬೀರುವಿನ ಮೇಲಿಟ್ಟು ಕಸೂತಿ ಬಟ್ಟೆ ಮುಚ್ಚಿದೆ. ಜಗಳದ ದಿನವೂ ಬಾಯಿ ಬಿಡಲಿಲ್ಲ.

ನಿನ್ನೆ ಕಂಪ್ಯೂಟರ್ ರಿಪೇರಿಯ ಬೆಳ್ಳಿಯಪ್ಪನವರು ಬಂದು, ಬಟ್ಟೆ ಎತ್ತಿ ನೋಡಿ ನಕ್ಕರು. 'ಅಕ್ಕಾ, ಕಾಫಿ ಹಣ್ಣು ಕುಯ್ಯೋ ದಿನ ತೋಟದ ಲೆಕ್ಕ ಬರಿಯೋ ಇಬ್ರು ರೈಟರು ಒಬ್ರಿಗೊಬ್ರು ಹೇಳ್ದೆ ಆಳುಗಳಿಗೆ ನಂಬರ್ ಕೊಟ್ರೆ ಏನಾಗುತ್ತೆ?' ಎಂದರು. ಏನಾಗುತ್ತದೆ, ಭಾಗಮ್ಮನಿಗೂ ಏಳು, ಬಸಮ್ಮನಿಗೂ ಏಳು. ತೂಕಕ್ಕೆ ಏಳು ಎಂದು ಕೂಗಿದರೆ ಇಬ್ಬರೂ ಚೀಲ ಹೊತ್ತು ಬಂದು ಜಗಳಕ್ಕೆ ನಿಲ್ಲುತ್ತಾರೆ. ಇಲ್ಲಿ ಆದದ್ದೂ ಅದೇ. ಮನೆಯ ಪ್ರತಿ ಕಂಪ್ಯೂಟರಿಗೂ ರೂಟರ್ ಒಂದು ನಂಬರ್ ಕೊಡುತ್ತದಂತೆ. ನಿನ್ನದೂ ಕೊಟ್ಟಿತು, ನನ್ನದೂ ಕೊಟ್ಟಿತು. ನಿನ್ನ ಕಂಪ್ಯೂಟರಿಗೂ ನಮ್ಮ ಲ್ಯಾಪ್‌ಟಾಪಿಗೂ ಒಂದೇ ನಂಬರ್. ಸಾಲದ್ದಕ್ಕೆ ಎರಡು ರೂಟರಿಗೂ ಹುಟ್ಟಿನಿಂದಲೇ ಒಂದೇ ವಿಳಾಸ. ನಾವು ರೇಟು ನೋಡಲು ಕೂತಾಗಲೆಲ್ಲ ನಿನ್ನ ಫೈಲು ನಡುದಾರಿಯಲ್ಲಿ ನಿಲ್ಲುತ್ತಿತ್ತು.

ಒಂದೇ ರೂಟರ್ ನಂಬರ್ ಹಂಚಬೇಕು, ಇನ್ನೊಂದು ವಿಳಾಸ ಬದಲಿಸಿಕೊಂಡು ಸುಮ್ಮನೆ ಅದರ ಕೈಕೆಳಗೆ ಇರಬೇಕು, ಯಾವುದು ಹಂಚಲಿ ಎಂದು ಕೇಳಿದರು. ದೊಡ್ಡವರದೇ ಇರಲಿ ಎಂದು ಯಜಮಾನರು ಬಾಯಿ ತೆಗೆದರು. ರೂಪಾಳದೇ ಇರಲಿ ಎಂದೆ ನಾನು. ಈಗ ನನ್ನದು ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿದೆ. ಅದನ್ನು ನೋಡಿ ಕಲಿಯಲು ನನಗೆ ಇನ್ನೂ ಸ್ವಲ್ಪ ದಿನ ಬೇಕು. ತಪ್ಪು ನನ್ನದು ರೂಪಾ, ಕ್ಷಮಿಸು. ನೀನಿಲ್ಲದೆ ಮನೆಯಲ್ಲಿ ಜಗಳಕ್ಕೂ ಜನವಿಲ್ಲ, ನಗುವುದಕ್ಕೂ ಜನವಿಲ್ಲ.

ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನಗೆ ಮನಸಾರೆ ಆಶೀರ್ವಾದ.

ನಿನ್ನ ಅಕ್ಕ
ಸರ್ವಮಂಗಳಾ

ವಿ.ಸೂ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಬೆಳಿಗ್ಗೆ ನಿನ್ನ ಆಫೀಸಿಗೆ ನಾನೇ ಫೋನ್ ಮಾಡಿ, 'ತಪ್ಪು ಆ ಹುಡುಗೀದಲ್ಲ, ಅವಳ ಅಕ್ಕಂದು' ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಆ ಕಡೆಯ ಹೆಂಗಸು ಬಹಳ ಹೊತ್ತು ನಕ್ಕಳು. ಸೋಮವಾರ ಹತ್ತು ಗಂಟೆಗೆ ಮತ್ತೆ ಫೈಲು ಕಳಿಸುತ್ತಾರಂತೆ. ರೂಪಾ ಒಪ್ಪಿದ್ದಾಳೆ ಎಂದು ನಿನ್ನನ್ನು ಕೇಳದೆಯೇ ಹೇಳಿಬಿಟ್ಟಿದ್ದೇನೆ, ಬೈಯುವುದಾದರೆ ಭಾನುವಾರದ ಬಸ್ಸಿಗೆ ಬಂದು ಎದುರಿಗೇ ಬೈ.