ಕಳವಳ ಬದಲಿ

ನೆರಳುಮಾಸದ ಮೂವತ್ತೆಂಟನೆಯ ದಿನ,
ಅರವತ್ತೂ ಮುಗಿದ ಮೇಲೆ ಬಂದ ಅರವತ್ತೊಂದನೆಯ ಸಂವತ್ಸರ,
ಹಳೆ ಚಿನ್ನದ ಗಣಿಯ ಬಾಯಿಕಟ್ಟೆ, ಕೋಲಾರ ಸೀಮೆ.

ಹೆಸರು ತಿಳಿಯದ ಅಣ್ಣನವರಿಗೆ ನೆರಳು ಹೊಲಿಯುವ ಪಿಳ್ಳಮ್ಮನ ನಮಸ್ಕಾರಗಳು.

ನಾವಿಲ್ಲಿ ಕ್ಷೇಮವಾಗಿದ್ದೇವೆ. ನಿಮ್ಮ ಕ್ಷೇಮಕ್ಕೆ ಕಾಗದ ಹಾಕಿ ಎಂದು ಬರೆಯುವ ವಾಡಿಕೆ ನಿಮ್ಮಲ್ಲಿ ಇತ್ತಂತೆ, ಆದರೆ ಆ ಮಾತು ನಾನು ಹೇಳುವಂತಿಲ್ಲ, ನಿಮ್ಮ ಟಪಾಲು ಇಷ್ಟು ದೂರ ಬರುವುದಿಲ್ಲ. ಮೇಲೆ ಬರೆದ ತಿಥಿಯನ್ನು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನೆರಳುಮಾಸವೆಂದರೆ ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಪಂಚಾಂಗಕ್ಕೆ ಸೇರಿಸಿದ ತಿಂಗಳು. ಅದು ಎಷ್ಟು ದಿನ ಬೇಕಾದರೂ ನಡೆಯುತ್ತದೆ. ನನ್ನ ಮಾತಿನಲ್ಲಿ ಇಂಥ ಇನ್ನೂ ಕೆಲವು ಪದಗಳು ನಿಮ್ಮ ಕಾಲಿಗೆ ತೊಡರಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ನಿಮಗೇ ಏಕೆ ಬರೆಯುತ್ತಿದ್ದೇನೆಂದು ಹೇಳಿಬಿಡುತ್ತೇನೆ. ನಮ್ಮ ಮಕ್ಕಳ ಕಾಲೇಜು ನೆಲದ ಮೇಲಿಲ್ಲ, ಈ ಗಣಿಯೊಳಗಿದೆ. ಅಲ್ಲಿನ ಒಂದು ಅಡ್ಡಸುರಂಗದಲ್ಲಿ ನಿಮ್ಮ ಕಾಲದ ಕೈಫೋನುಗಳ ಪೆಟ್ಟಿಗೆಯೊಂದು ಸಿಕ್ಕಿತು. ಮೇಷ್ಟ್ರುಗಳು ತಿಂಗಳುಗಟ್ಟಲೆ ಒದ್ದಾಡಿ ಒಂದಕ್ಕೆ ಜೀವ ತಂದರು. ಅದರೊಳಗೆ ನಿಮ್ಮ ಧ್ವನಿ ಇತ್ತು. ಮಗಳು ಕಾಲೇಜು ಸೇರಿದ ವಾರವಿರಬೇಕು. "ಊಟ ಆಯ್ತೇನಮ್ಮಾ?" ಎಂದು ಕೇಳಿದ್ದೀರಿ. ಸ್ವಲ್ಪ ಹೊತ್ತು ಬಿಟ್ಟು, "ಹಾಸ್ಟೆಲಲ್ಲಿ ಬಿಸಿನೀರು ಬರುತ್ತಾ?" ಎಂದು ಕೇಳಿದ್ದೀರಿ. ಕೊನೆಗೆ, "ಏನಿಲ್ಲ, ಸುಮ್ನೆ ಮಾಡ್ದೆ. ಕ್ಲಾಸಲ್ಲಿರ್ತೀಯ, ಇಡ್ತೀನಿ" ಎಂದಿದ್ದೀರಿ. ಇಡ್ತೀನಿ ಎಂದ ಮೇಲೂ ನಿಮ್ಮ ಉಸಿರು ಒಂದು ಗಳಿಗೆ ಕೇಳುತ್ತದೆ. ಅವಳ ಉತ್ತರ ಅದರಲ್ಲಿ ಎಲ್ಲೂ ಇಲ್ಲ. ನನ್ನ ಮಗಳು ಆ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು, ಮೊದಲ ವರ್ಷ ಮುಗಿಸಿ ಮೇಲೆ ಬಂದಾಗ ನನ್ನೆದುರು ನಿಮ್ಮ ದನಿಯಲ್ಲೇ ಹೇಳಿ ತೋರಿಸಿದಳು. ನಾನು ನಗಲಿ ಎಂದು ಹೇಳಿದ್ದಳು. ನಾನು ಇನ್ನೊಮ್ಮೆ ಹೇಳಿಸಿ ಕೇಳಿದೆ.

ನಮ್ಮ ಊರನ್ನು ನೀವು ಕಾಣಬೇಕಿತ್ತು. ಬಿಸಿಲು ನೇರವಾಗಿ ಬೀಳದಂತೆ ಮನೆಯಿಂದ ಮನೆಗೆ, ಬೀದಿಯಿಂದ ಬೀದಿಗೆ ನೆರಳುಬಟ್ಟೆ ಕಟ್ಟಿದ್ದೇವೆ. ಹಿಪ್ಪುನೇರಳೆ ತೊಗಟೆಯ ನಾರಿನಿಂದ ನೇಯ್ದ ತೆಳು ಬಟ್ಟೆ ಅದು, ಗಾಳಿ ಬಂದರೆ ಊರಿಗೆ ಊರೇ ನಿದ್ದೆಯಲ್ಲಿ ಉಸಿರಾಡಿದಂತೆ ಏರಿ ಇಳಿಯುತ್ತದೆ. ಹರಿದಲ್ಲಿ ಹೊಲಿಯುವುದು ನನ್ನ ಕೆಲಸ. ಗಳುವಿನ ಮೇಲೆ ಹತ್ತಿ ಕುಳಿತರೆ ಕೆಳಗೆ ಜನ ನೀಲಿ ನೆರಳಿನಲ್ಲಿ ಮೆಲ್ಲನೆ ಓಡಾಡುವುದು ಕಾಣುತ್ತದೆ. ಊರಿನ ನಡುವೆ ಗಣಿಯ ಬಾಯಿ. ಬೆಳಗಾಗುವ ಹೊತ್ತಿಗೆ ಅದರಿಂದ ತಣ್ಣನೆಯ ಗಾಳಿ ಮೇಲೇಳುತ್ತದೆ, ಒದ್ದೆ ಕಲ್ಲಿನ ವಾಸನೆ ಅದಕ್ಕೆ. ಅದನ್ನು ನಾವು ಗಣಿಯುಸಿರು ಎನ್ನುತ್ತೇವೆ. ಮಕ್ಕಳನ್ನು ಕಾಲೇಜಿಗೆ ಕಳಿಸಿದ ತಾಯಿ ತಂದೆಯರು ಆ ಹೊತ್ತಿಗೆ ಬಾಯಿಕಟ್ಟೆಯ ಮೇಲೆ ಬಂದು ಸುಮ್ಮನೆ ಕೂರುತ್ತಾರೆ. ತಂಪಿಗೆ ಬಂದೆವು ಎನ್ನುತ್ತಾರೆ. ಮಕ್ಕಳು ಉಸಿರಾಡಿ ಬಿಟ್ಟ ಗಾಳಿ ಅದು ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕೆಳಗೆ ಕಲಿಸುವುದು ನೀರು ಕೇಳುವ ವಿದ್ಯೆ. ಬಂಡೆಗೆ ಕಿವಿಯಿಟ್ಟು ಅದರೊಳಗೆ ನೀರು ಎತ್ತ ಹರಿಯುತ್ತಿದೆ, ಎಷ್ಟಿದೆ, ಮುನಿಸಿಕೊಂಡಿದೆಯೋ ಇಲ್ಲವೋ ಎಂದು ತಿಳಿಯುವುದು. ಈ ಸೀಮೆಯಲ್ಲಿ ಬದುಕಬೇಕೆಂದರೆ ಆ ವಿದ್ಯೆ ಬಲ್ಲವರು ಬೇಕೇ ಬೇಕು. ಹಿಂದೆ ಒಂದು ಕಾಲದಲ್ಲಿ ಮಕ್ಕಳ ಹಿಂದೆಯೇ ತಾಯಿ ತಂದೆಯರೂ ಇಳಿದುಬಿಡುತ್ತಿದ್ದರಂತೆ. ತರಗತಿಯ ಬಾಗಿಲಲ್ಲೇ ಒಲೆ ಹೂಡಿ, ಶಾಲು ಹೊದ್ದುಕೋ, ಇದೊಂದು ತುತ್ತು ತಿಂದುಬಿಡು, ಆ ಹುಡುಗನ ಜೊತೆ ಯಾಕೆ ಕೂತಿದ್ದೆ ಎಂದು ಮಾತಾಡುತ್ತಲೇ ಇದ್ದರಂತೆ. ಅವರ ಗಲಾಟೆಯಲ್ಲಿ ಯಾವ ಮಗುವಿಗೂ ನೀರಿನ ಸದ್ದು ಕೇಳಲಿಲ್ಲ. ಹಾಗಾಗಿ ಊರಿನವರು ಸೇರಿ ಒಂದು ಕಟ್ಟಳೆ ಮಾಡಿದರು. ಅದೇ ಕಳವಳ ಬದಲಿ.

ಮಕ್ಕಳು ಇಳಿಯುವ ಹಿಂದಿನ ದಿನ ನಾವೆಲ್ಲ ಬಾಯಿಕಟ್ಟೆಯಲ್ಲಿ ಸೇರುತ್ತೇವೆ. ಒಬ್ಬೊಬ್ಬರಿಗೆ ಒಬ್ಬೊಬ್ಬ ಜೊತೆಗಾರರನ್ನು ಹಿರಿಯರು ಗೊತ್ತುಮಾಡುತ್ತಾರೆ, ಅವರನ್ನು ಬದಲಿ ಎನ್ನುತ್ತೇವೆ. ನಮ್ಮ ಮಗುವಿನ ಬಗ್ಗೆ ಇರುವ ಚಿಂತೆಗಳಲ್ಲಿ ಒಂದನ್ನು, ಒಂದನ್ನೇ, ಬದಲಿಯ ಕಿವಿಯಲ್ಲಿ ಹೇಳಬೇಕು. ಅವರದನ್ನು ನಾವು ಕೇಳಿಸಿಕೊಳ್ಳಬೇಕು. ಆಮೇಲೆ ಒಂದು ವರ್ಷ ಅವರ ಮಗುವಿನ ಚಿಂತೆ ನಮ್ಮದು, ನಮ್ಮ ಮಗುವಿನದು ಅವರದು. ಅಮಾವಾಸ್ಯೆಗೊಮ್ಮೆ ಕೆಳಗಿಳಿದು ಅವರ ಮಗುವನ್ನು ನೋಡಿ ಬರಬೇಕು. ಮೇಲೆ ಬಂದು 'ಇದ್ದಾಳೆ' ಅಥವಾ 'ಇದ್ದಾನೆ' ಎಂದಷ್ಟೇ ಹೇಳಬೇಕು. ಹೇಗಿದ್ದಾಳೆ, ಸೊರಗಿದಳಾ, ನನ್ನ ನೆನೆಸಿದಳಾ ಎಂದು ಕೇಳುವಂತಿಲ್ಲ, ಕೆಳಗಿಳಿದಾಗ ನಮ್ಮ ಮಗುವನ್ನು ನೋಡುವಂತೆಯೂ ಇಲ್ಲ.

ನನ್ನ ಮಗಳು ಸೊಣ್ಣಿಯ ಬಗ್ಗೆ ನನ್ನಲ್ಲಿ ಮೂಟೆಗಟ್ಟಲೆ ಚಿಂತೆ ಇತ್ತು. ಅದರಲ್ಲಿ ಒಂದನ್ನು ಆರಿಸುವುದೇ ಪ್ರಾಣಸಂಕಟ. ಕೊನೆಗೆ ನಿಜವಾಗಿ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿದ್ದನ್ನೇ ಹೇಳಿದೆ. ಅವಳು ಬೇಕು ಎಂದು ಕೇಳುವುದಿಲ್ಲ, ಏನನ್ನೂ. ಚಿಕ್ಕವಳಿದ್ದಾಗ ಬಾಯಾರಿದರೆ ನೀರಿನ ಮಡಕೆಯ ಪಕ್ಕ ಹೋಗಿ ಕೂತು ಅದನ್ನೇ ನೋಡುತ್ತಿದ್ದಳೇ ಹೊರತು ನೀರು ಕೊಡು ಎನ್ನುತ್ತಿರಲಿಲ್ಲ. ತಟ್ಟೆಯಲ್ಲಿ ಹಾಕಿದ್ದನ್ನು ತಿಂದು ಅರೆಹೊಟ್ಟೆಯಲ್ಲೇ ಕೈ ತೊಳೆಯುತ್ತಿದ್ದಳು. ಕೆಳಗಿನ ಸುರಂಗಗಳಲ್ಲಿ ದಾರಿ ತಪ್ಪುವುದು ಸಾಮಾನ್ಯ, ತಪ್ಪಿದವರು ಕೂಗಿ ಕೇಳಬೇಕು, ಕೇಳಿದರೆ ಯಾರಾದರೂ ಬಂದು ಕರೆದೊಯ್ಯುತ್ತಾರೆ. ಕೇಳಲು ಬಾರದ ಹುಡುಗಿ ಕತ್ತಲಲ್ಲಿ ಗೋಡೆಗೊರಗಿ ಸುಮ್ಮನೆ ಕೂತುಬಿಟ್ಟರೆ? ಇದು ನನ್ನ ಭಯ.

ನನಗೆ ಬದಲಿಯಾಗಿ ಬಂದವನು ಎರ್ರಪ್ಪ. ಅಂತರಗಂಗೆ ಬೆಟ್ಟದ ಮೇಲೆ ಬಲೆ ಕಟ್ಟಿ ಇಬ್ಬನಿ ಹಿಡಿಯುವುದು ಅವನ ಕೆಲಸ, ಊರಿನವರ ಬಳಿ ಏನಾದರೊಂದು ಕೇಳುವುದು ಅವನ ಸ್ವಭಾವ. ನನ್ನ ಜೀವದ ಚಿಂತೆಯನ್ನು ಕಿವಿಗೆ ಹೇಳಿ ಮುಗಿಸಿದೆನಲ್ಲ, ತಲೆಯಾಡಿಸಿ, "ಆಯ್ತಕ್ಕಾ. ಒಸಿ ಮಜ್ಜಿಗೆ ಐತಾ?" ಎಂದ. ಮಜ್ಜಿಗೆ ಕುಡಿದು, "ಉಪ್ಪಿನಕಾಯಿ ಇದ್ರೆ ಅದೂ ಕೊಡಕ್ಕಾ" ಎಂದ. ಇಂಥ ಸಂಕೋಚಗೇಡಿಯ ಕೈಗೆ ನನ್ನ ಮಗಳನ್ನು ಕೊಟ್ಟರಲ್ಲ ಎಂದು ಹಿರಿಯರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಅವನು ನನಗೆ ಕೊಟ್ಟ ಚಿಂತೆ ಇನ್ನೂ ವಿಚಿತ್ರವಾಗಿತ್ತು. "ನಮ್ಮ ಲಗುಮ ಎದ್ರಿಕೊಂಡಾಗ ನಗ್ತಾನೆ ಕಣಕ್ಕಾ. ಜನ ಅವನು ಕುಸಿಯಾಗವ್ನೆ ಅಂದ್ಕೊಂಬಿಡ್ತಾರೆ" ಎಂದ. ಅಷ್ಟು ಹೇಳುವಾಗ ಮಾತ್ರ ಅವನು ನನ್ನ ಮುಖ ನೋಡಲಿಲ್ಲ.

ಮೊದಲ ಅಮಾವಾಸ್ಯೆಗೆ ಇಳಿದೆ. ತೊಟ್ಟಿಲಿನಂಥ ಪಂಜರದಲ್ಲಿ ಕೂತರೆ ಬೆಳಕು ಮೇಲೆಲ್ಲೋ ರೊಟ್ಟಿಯಷ್ಟಾಗಿ, ಕಾಳಿನಷ್ಟಾಗಿ, ಇಲ್ಲವಾಗುತ್ತದೆ. ಆಮೇಲೆ ಗೋಡೆಯ ಹಾವಸೆ ತಾನೇ ಮಸುಕಾಗಿ ಹೊಳೆಯುತ್ತದೆ, ಅದರಲ್ಲಿ ಎಲ್ಲರೂ ಕನಸಿನಲ್ಲಿ ಕಂಡವರ ಹಾಗೆ ಕಾಣುತ್ತಾರೆ. ಲಗುಮ ಗೆಳೆಯರ ನಡುವೆ ಬಿದ್ದು ಬಿದ್ದು ನಗುತ್ತಿದ್ದ. ಇವನಷ್ಟು ಸುಖಿ ಇನ್ನೊಬ್ಬನಿಲ್ಲ ಎಂದು ಅವರೆಲ್ಲ ಹೇಳಿದರು. ಅವನ ಎದುರು ಕೂತು ತಂದಿದ್ದ ನೆರಳುಬಟ್ಟೆಯ ಚೂರನ್ನು ಹೊಲಿಯತೊಡಗಿದೆ. ನಗು ಸಣ್ಣಗಾಗುತ್ತಾ ಬಂದು ನಿಂತಿತು. ಆಮೇಲೆ ಅವನು ಮೆಲ್ಲನೆ, "ಇಲ್ಲಿ ಬಂಡೆ ಮಾತಾಡತ್ತೆ ಅತ್ತೇ, ನಂಗೆ ಭಯ" ಎಂದ. ಕಡಲೆಕಾಯಿ ಕೊಟ್ಟೆ, ತಿಂದ. ಪ್ರತಿ ಅಮಾವಾಸ್ಯೆಯೂ ಹೀಗೆಯೇ. ನನ್ನ ಸೊಣ್ಣಿ ಅದೇ ಸುರಂಗದಲ್ಲಿ ಎಲ್ಲೋ ಕೂಗಳತೆಯಲ್ಲಿ ಇರುತ್ತಿದ್ದಳು. ನೋಡಬಾರದೆಂದು ತಲೆ ತಗ್ಗಿಸಿಕೊಂಡು ಪಂಜರ ಹತ್ತುತ್ತಿದ್ದೆ.

ಇತ್ತ ಎರ್ರಪ್ಪ ಮೇಲೆ ಬಂದು, "ಇದಾಳೆ ಕಣಕ್ಕಾ. ಮಜ್ಜಿಗೆ ಐತಾ?" ಎನ್ನುತ್ತಿದ್ದ. ಒಂದೊಂದು ಸಲ ಮಜ್ಜಿಗೆಯ ಚೊಂಬನ್ನೇ ಅವನ ತಲೆಯ ಮೇಲೆ ಎಸೆಯಬೇಕೆನ್ನಿಸುತ್ತಿತ್ತು. ಆದರೆ ಒಂದು ಮಧ್ಯಾಹ್ನ ನಾನು ಗಳುವಿನ ಮೇಲಿದ್ದಾಗ ನೆಲದೊಳಗಿಂದ ಗುಡುಗಿದ ಹಾಗೆ ಸದ್ದು ಬಂತು. ಕಲ್ಲು ಮಗ್ಗುಲು ಬದಲಿಸಿದ್ದು ಅಷ್ಟೇ, ಯಾರಿಗೂ ಏನೂ ಆಗಲಿಲ್ಲ. ಆ ಕ್ಷಣ ನನ್ನ ಬಾಯಿಂದ ಬಂದ ಹೆಸರು ಲಗುಮನದು. ಪಾಪ, ಈಗ ನಗುತ್ತಿರುತ್ತಾನೆ ಎಂದುಕೊಂಡೆ. ಸೊಣ್ಣಿಯ ನೆನಪು ಆಮೇಲೆ ಬಂತು. ನಾಚಿಕೆಯಾಯಿತು, ಅದರ ಬೆನ್ನಿಗೇ ಎದೆ ಎಷ್ಟೋ ಹಗುರವೂ ಆಯಿತು. ಇನ್ನೊಬ್ಬರ ಮಗುವಿನ ಚಿಂತೆಯಲ್ಲಿ ನಮ್ಮ ಹಟ, ನಮ್ಮ ಮರ್ಯಾದೆ, ನಮ್ಮ ಒಂಟಿತನ ಯಾವುದೂ ಬೆರೆತಿರುವುದಿಲ್ಲ ಅಣ್ಣನವರೇ. ಹೊರಲು ಅದೇ ಸುಲಭ.

ವರ್ಷ ತುಂಬಿ ಮಕ್ಕಳು ಮೇಲೆ ಬಂದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಸೊಣ್ಣಿ ಅಡುಗೆಮನೆಯಲ್ಲಿ ಕೂತಳು. ಬಡಿಸಿದ್ದನ್ನು ತಿಂದಳು. ಇನ್ನೇನು ಏಳುತ್ತಾಳೆ ಎಂದುಕೊಂಡಾಗ ತಟ್ಟೆಯನ್ನು ಮುಂದೆ ಸರಿಸಿ, "ಅಮ್ಮಾ, ಇನ್ನೊಂದು ಮುದ್ದೆ ಇಕ್ಕು" ಎಂದಳು. ಇಕ್ಕಿದೆ. ಎಲ್ಲಿ ಕಲಿತೆ ಎಂದರೆ ನಗುತ್ತಾ ಹೇಳಿದಳು. ಎರ್ರಪ್ಪ ಪ್ರತಿ ಸಲ ಬರಿಗೈಯಲ್ಲಿ ಇಳಿದು ಬರುತ್ತಿದ್ದನಂತೆ, "ನಂಗೇನು ಮಡಗಿದ್ದೀಯಮ್ಮಾ?" ಎಂದು ಕೇಳುತ್ತಿದ್ದನಂತೆ. ಇವಳು ತನ್ನ ಪಾಲು ಕೊಟ್ಟರೆ ಅದನ್ನು ತಿಂದು, ಸಾಲದು ಎನ್ನುತ್ತಿದ್ದನಂತೆ. ಬೇರೆ ದಾರಿಯಿಲ್ಲದೆ ಅಡುಗೆಯವರ ಹತ್ತಿರ ಹೋಗಿ ಅವನಿಗಾಗಿ ಕೇಳಿದಳು. ಇನ್ನೊಬ್ಬರ ಹಸಿವಿಗೆ ಕೇಳಿ ಕೇಳಿ ನಾಲಿಗೆ ಪಳಗಿದ ಮೇಲೆ ತನ್ನ ಹಸಿವಿಗೂ ಕೇಳಿದಳು. ಒಮ್ಮೆ ದಾರಿ ತಪ್ಪಿದಾಗ ಸುರಂಗವೆಲ್ಲ ಮೊಳಗುವಂತೆ ಕೂಗಿದಳಂತೆ. ಎರ್ರಪ್ಪ ಬೇಕೆಂದೇ ಹಾಗೆ ಮಾಡಿದನೋ, ಹಸಿವಾಗಿಯೇ ಮಾಡಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ವಿಚಾರಿಸಲು ಹೋದರೆ ಮಜ್ಜಿಗೆ ಕೇಳುತ್ತಾನೆ.

ಎರಡನೆಯ ಮುದ್ದೆಯೂ ಮುಗಿಯಿತು. ಕೈ ತೊಳೆದು ಬಂದು ನನ್ನ ಪಕ್ಕ ಕೂತಳು. "ಅಮ್ಮಾ, ತಳದ ತರಗತಿಗೆ ಹೋಗ್ಬೇಕು. ಕಳಿಸ್ಕೊಡ್ತೀಯಾ?" ಎಂದಳು.

ತಳದ ತರಗತಿ ಬಹಳ ಕೆಳಗಿದೆ, ಬಂಡೆಯೇ ಬೆಚ್ಚಗಿರುವಲ್ಲಿ. ಹೋದವರು ಮೂರು ವರ್ಷ ಮೇಲೆ ಬರುವುದಿಲ್ಲ. ಅಲ್ಲಿನ ಗಾಳಿ ಬಾಯಿಕಟ್ಟೆಯ ತನಕ ಏರುವುದೂ ಇಲ್ಲ. ಏನನ್ನೂ ಕೇಳದ ಮಗಳು ಕೇಳುವಂತಾಗಲಿ ಎಂದು ವರ್ಷವಿಡೀ ಹಂಬಲಿಸಿದ್ದೆ. ಕೇಳಿದಳು, ಅದೂ ನನ್ನನ್ನು ಬಿಟ್ಟು ಹೋಗಲು. ಇಲ್ಲ ಎಂದರೆ ಅವಳು ಇನ್ನೆಂದೂ ಯಾರನ್ನೂ ಏನನ್ನೂ ಕೇಳಲಾರಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೂಂ ಎಂದೆ. ನಗುಮುಖದಲ್ಲೇ ಎಂದೆ. ಒಳಗೆ ಹೋಗಿ ನೆರಳುಬಟ್ಟೆಯ ರಾಶಿಯಲ್ಲಿ ಮುಖವಿಟ್ಟು ಅತ್ತೆ. ನಿನ್ನೆ ಅವಳು ಇಳಿದಳು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಬದಲಿಯ ಕಟ್ಟಳೆ ಮೊದಲ ವರ್ಷಕ್ಕೆ ಮಾತ್ರ. ತಳಕ್ಕೆ ಹೋದವರಿಗೆ ಬದಲಿ ಇಲ್ಲ, ಅಷ್ಟು ಆಳಕ್ಕೆ ಮೇಲಿನವರು ಯಾರೂ ಇಳಿಯಲಾರರು. ಆದರೆ ಕೆಳಕ್ಕೆ ಇಳಿದಷ್ಟೂ ಕಾಲ ಹಿಂದಕ್ಕೆ ಸರಿಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮೇಲಿನ ಕಲ್ಲು ಅಜ್ಜಿಯ ಕಾಲದ್ದು, ಅದರ ಕೆಳಗಿನದು ಅಜ್ಜಿಯ ಅಜ್ಜಿಯದು. ಹಾಗಾದರೆ ನನ್ನ ಸೊಣ್ಣಿ ಈಗ ನನಗಿಂತ ನಿಮಗೇ ಹತ್ತಿರದಲ್ಲಿದ್ದಾಳೆ. ನೀವು ನನಗೆ ಬದಲಿಯಾಗುತ್ತೀರಾ, ಅಣ್ಣನವರೇ? ಈ ಕಾಗದವನ್ನು ಸುತ್ತಿ ಕಲ್ಲು ಕಟ್ಟಿ ಗಣಿಯೊಳಕ್ಕೆ ಬಿಡುತ್ತಿದ್ದೇನೆ. ಬಿದ್ದ ಸದ್ದು ಕೇಳಿಸದಿದ್ದರೆ ನಿಮಗೆ ತಲುಪಿತು ಎಂದು ತಿಳಿಯುತ್ತೇನೆ.

ಹೆಚ್ಚಿನದೇನೂ ಬೇಡ. ನಿಮ್ಮ ಮಗಳಿಗೆ ಫೋನು ಹಚ್ಚಬೇಕೆಂದು ಕೈ ಮತ್ತೆ ಚಡಪಡಿಸಿದಾಗ ಅವಳನ್ನು ಅವಳ ಪಾಡಿಗೆ ಬಿಟ್ಟು, ನೆಲದ ಕಡೆ ಬಾಗಿ, ನಿಮ್ಮ ಅದೇ ದನಿಯಲ್ಲಿ, "ಊಟ ಆಯ್ತೇನಮ್ಮಾ?" ಎಂದು ಒಮ್ಮೆ ಕೇಳಿ. ನನ್ನ ಸೊಣ್ಣಿ ಬಂಡೆಗೆ ಕಿವಿಯಿಟ್ಟು ಕೂತಿರುತ್ತಾಳೆ. ನಿಮ್ಮ ದನಿ ಅವಳಿಗೆ ಗೊತ್ತು. ಸಾಲದಿದ್ದರೆ ಸಾಲದು ಎಂದು ಹೇಳಲೂ ಈಗ ಬರುತ್ತದೆ ಅವಳಿಗೆ.

ನಿಮ್ಮ ಮಗಳ ಚಿಂತೆಯನ್ನು ಇವತ್ತಿನಿಂದ ನಾನು ಹೊತ್ತಿದ್ದೇನೆ. ಅವಳು ನಿಮಗೆ ಏನು ಉತ್ತರ ಕೊಟ್ಟಳೋ, ಕೊಟ್ಟಳೋ ಇಲ್ಲವೋ, ನನಗೆ ತಿಳಿಯದು. ನಾವು ಇಲ್ಲಿರುವುದು ಅವಳಂಥ ಯಾರೋ ಹೊತ್ತು ಹೊತ್ತಿಗೆ ಉಂಡು, ಕಲಿತು, ಬದುಕಿ ಬಾಳಿದ್ದರಿಂದ. ಹಾಗಾಗಿ ಬದಲಿ ಹೇಳಬಹುದಾದ ಒಂದೇ ಮಾತನ್ನು ಇಷ್ಟು ದೂರದಿಂದ ಹೇಳುತ್ತೇನೆ, ಕೇಳಿಸಿಕೊಂಡು ಫೋನು ಕೆಳಗಿಟ್ಟು ಮಲಗಿ.

ಇದ್ದಾಳೆ.

ಇಂತಿ ನಿಮ್ಮ ತಂಗಿ,
ಪಿಳ್ಳಮ್ಮ